ಹಾಸಿಗೆ ಹಾಸುವಷ್ಟು ಜಾಗ

1973ರ ಜೂನ್ ತಿಂಗಳು. ಬಿ.ಎ. ಪಾಸಾಗಿ ಮನೆಯಲ್ಲಿ ಕೂತಿದ್ದೆ. ಮುಂಬಯಿಯ ಪರೇಲಿನಲ್ಲಿದ್ದ ಸೋದರಮಾವನಿಗೆ ಬರೆದಿದ್ದ ಪತ್ರಕ್ಕೆ ಹದಿನೈದು ದಿನ ಕಳೆದ ಮೇಲೆ ಉತ್ತರ ಬಂತು. ನೀಲಿ ಇನ್‌ಲ್ಯಾಂಡಿನಲ್ಲಿ ನಾಲ್ಕೇ ಸಾಲು. ಖೋಲಿಯಲ್ಲಿ ಈಗ ಏಳು ಜನ ಆಗಿದ್ದೇವೆ, ಮಳೆಗಾಲದಲ್ಲಿ ಗ್ಯಾಲರಿಯಲ್ಲಿ ಮಲಗಲು ಬರುವುದಿಲ್ಲ, ದೀಪಾವಳಿ ಕಳೆಯಲಿ, ಅಷ್ಟರೊಳಗೆ ಒಬ್ಬನ ಮದುವೆಯಾಗಿ ಹಾಸಿಗೆಯ ಜಾಗ ಖಾಲಿಯಾಗುತ್ತದೆ, ಆಗ ಬಾ. ಕೆಲಸ ಸಿಗುತ್ತದೋ ಇಲ್ಲವೋ, ಸಂಬಳ ಎಷ್ಟು, ಅದರ ಸುದ್ದಿಯೇ ಇಲ್ಲ. ಕೆಲಸ ಹೇಗೂ ಸಿಗುತ್ತದೆ ಎಂಬುದು ಮಾವನ ಲೆಕ್ಕ. ತೊಡಕಿದ್ದದ್ದು ಹಾಸಿಗೆ ಹಾಸುವ ಜಾಗಕ್ಕೆ.

ದೀಪಾವಳಿ ಕಳೆಯಿತು. ಮದುವೆಯಾದವನು ಹೆಂಡತಿಯನ್ನು ಕುಮಟೆಯ ಕಡೆ ತನ್ನ ಊರಿನಲ್ಲೇ ಬಿಟ್ಟು ಮತ್ತೆ ಖೋಲಿಗೇ ಬಂದ. ಏಳು ಜನ ಏಳೇ ಉಳಿದರು. ನಾನು ಅಡಿಕೆ ಕೊಯ್ಲಿಗೆ ನಿಂತೆ. ಮುಂದೆ ಎರಡು ವರ್ಷಕ್ಕೆ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಸುಂಕಸಾಳದ ಆಸುಪಾಸಿನ ನಮ್ಮ ಹಳ್ಳಿಯ ಶಾಖಾ ಅಂಚೆ ಕಚೇರಿಗೆ ಮಾಸ್ತರನಾದೆ. 2017ರಲ್ಲಿ ಅರವತ್ತೈದು ತುಂಬಿ ಬಿಡುವವರೆಗೂ ಅದೇ ಕೆಲಸ.

ಶಾಖಾ ಅಂಚೆ ಅಂದರೆ ಸರ್ಕಾರದ ಕಟ್ಟಡ ಎಂದು ಯಾರೂ ತಿಳಿಯಬೇಡಿ. ಜಾಗ ಮಾಸ್ತರನೇ ಕೊಡಬೇಕು. ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಒಂದು ಮೇಜು, ಕಬ್ಬಿಣದ ಪೆಟ್ಟಿಗೆ, ಪುಟ್ಟ ತಕ್ಕಡಿ, ದುಂಡನೆಯ ಮೊಹರು, ಶಾಯಿಯ ಪ್ಯಾಡು, ಅಷ್ಟೇ ಕಚೇರಿ. ಅಂಕೋಲೆಯಿಂದ ಬಸ್ಸಿನಲ್ಲಿ ಟಪಾಲಿನ ಚೀಲ ಬಂದಿಳಿಯುತ್ತಿತ್ತು. ಚೀಲ ಬಿಚ್ಚಿದೊಡನೆ ನಾನು ನೋಡುತ್ತಿದ್ದದ್ದು ಮನಿಯಾರ್ಡರ್ ಫಾರಮ್ಮಿನ ಮೇಲಿನ ಮೊಹರನ್ನು, ಹೊರಟ ಊರು ಯಾವುದು ಎಂದು. ದಾದರ್, ಪರೇಲ್, ಮಾಟುಂಗಾ, ಗಿರಗಾಂವ. ಫಾರಮ್ಮಿನ ಕೆಳಗಿನ ಕೂಪನ್ನಿನಲ್ಲಿ ಎರಡು ಸಾಲಿಗಷ್ಟೇ ಜಾಗ. ಓದು ಬಾರದ ತಾಯಂದಿರಿಗೆ ಅದನ್ನೂ ನಾನೇ ಓದಿ ಹೇಳಬೇಕು. “ಮಾಸ್ತ್ರೇ, ಮತ್ತೆಂತಾ ಬರದಾ?” ಎಂದು ಕೇಳುವವರಿಗೆ, ಬರೆಯದೇ ಇದ್ದದ್ದನ್ನೂ ಒಂದು ವಾಕ್ಯ ಸೇರಿಸಿ ಓದಿದ್ದುಂಟು. ಇಲಾಖೆಗೆ ಗೊತ್ತಾಗಿದ್ದರೆ ಏನೆನ್ನುತ್ತಿತ್ತೋ.

ಡಿಗ್ರಿ ಮುಗಿಸಿದ ಹುಡುಗರು ಯಾವ ಶಹರಕ್ಕೆ ಹೋಗುತ್ತಾರೆ, ಯಾಕೆ ಅಲ್ಲಿಗೇ ಹೋಗುತ್ತಾರೆ ಎಂದು ಈಗ ಪೇಪರಿನಲ್ಲಿ ಬರೆಯುವವರು ಸಂಬಳ, ಬಡ್ತಿ, ಹವೆ ಎಂದು ಪಟ್ಟಿ ಕೊಡುತ್ತಾರೆ. ನಲವತ್ತೆರಡು ವರ್ಷ ಮೊಹರು ನೋಡಿದ ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ನಮ್ಮ ಹುಡುಗನ ಶಹರವನ್ನು ಅವನಿಗಿಂತ ಮೊದಲೇ ಯಾರೋ ಆರಿಸಿಟ್ಟಿರುತ್ತಿದ್ದರು. ಕೆಲವೊಮ್ಮೆ ನೂರು ವರ್ಷ ಮೊದಲೇ.

ಅರಬೈಲು ಘಟ್ಟ ಇಳಿದು ಬಂದ ಗಾಡಿಗಳಿಗೆ ಇಲ್ಲಿ ಸುಂಕ ಕಟ್ಟಿಸಿಕೊಳ್ಳುತ್ತಿದ್ದರು, ಅದಕ್ಕೇ ಸುಂಕಸಾಳ ಎಂದು ಹಿರಿಯರ ಮಾತು. ಹೆಸರಿನ ಕತೆ ಏನೇ ಇರಲಿ, ಜಾಗ ಮಾತ್ರ ಸುಂಕದವರಿಗೆ ಹೇಳಿಮಾಡಿಸಿದ್ದು. ಒಂದು ಮಗ್ಗುಲಿಗೆ ಗಂಗಾವಳಿ, ಇನ್ನೊಂದಕ್ಕೆ ಗುಡ್ಡ. ಗಾಡಿಯವನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಬೆಳೆದದ್ದು ಧಾರವಾಡದ ಎರೆಯಲ್ಲಿ, ಮುಂಬಯಿ ಪೇಟೆಯಲ್ಲಿ ಹೆಸರು ಮಾತ್ರ ‘ಕುಮಟಾ ಹತ್ತಿ’. ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಾಲದೆ ಬಂದಾಗ ಎಲ್ಲರ ಕಣ್ಣು ಕಾರವಾರದ ಬಂದರಿನ ಮೇಲೆ ಬಿತ್ತು. ಅಲ್ಲಿಯವರೆಗೆ ಕೆನರಾ ಜಿಲ್ಲೆ ಮದ್ರಾಸಿನ ಕೈಯಲ್ಲಿತ್ತು. ಮದ್ರಾಸಿನವರು ಈ ಕರಾವಳಿಯನ್ನು ಕಡೆಗಣಿಸಿದ್ದಾರೆ ಎಂದು ಮುಂಬಯಿಯ ವರ್ತಕರು ಬೆನ್ನು ಹತ್ತಿದರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಜಿಲ್ಲಾ ಪಟ್ಟಣವಾಯಿತು.

ಹತ್ತಿಯ ಕನಸು ಬೇಗನೆ ಒಡೆಯಿತು. ಕಾರವಾರಕ್ಕೆ ಬರುತ್ತದೆಂದು ಕಾದಿದ್ದ ರೈಲು 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಇಳಿದು ಪೋರ್ಚುಗೀಸರ ಮಾರ್ಮಗೋವಾಕ್ಕೆ ಹೋಯಿತು. ಹತ್ತಿ ಹೋದರೂ ಹತ್ತಿಗಾಗಿ ಎಳೆದ ಗಡಿ ಉಳಿಯಿತು. ಅದರಿಂದಾಗಿ ಭಟ್ಕಳದಿಂದ ಈಚೆಗಿನ ಹುಡುಗ ಮೆಟ್ರಿಕ್ ಕಟ್ಟಿದ್ದು ಮುಂಬಯಿ ವಿಶ್ವವಿದ್ಯಾಲಯದ್ದು, ಕುಂದಾಪುರದಿಂದ ಆಚೆಗಿನವನು ಕಟ್ಟಿದ್ದು ಮದ್ರಾಸಿನದ್ದು. ಒಂದೇ ಕರಾವಳಿ, ಒಂದೇ ಮೀನು ಸಾರು. ಆಚೆಯವರ ಮಾತಿನಲ್ಲಿ ಮದ್ರಾಸಿನ ಕಾಲೇಜು, ಈಚೆಯವರದರಲ್ಲಿ ಪುಣೆಯ ಫರ್ಗ್ಯುಸನ್ನು, ಮುಂಬಯಿಯ ಎಲ್ಫಿನ್‌ಸ್ಟನ್ನು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಾಗಿಲು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಪದವಿ ಬೇಕೆಂದವನು ಕಾರವಾರದಲ್ಲಿ ಆಗಬೋಟಿ, ಅಂದರೆ ಉಗಿಹಡಗು, ಹತ್ತಬೇಕಿತ್ತು. ಮಳೆಗಾಲದಲ್ಲಿ ಕಡಲು ಕೆರಳಿ ಆಗಬೋಟಿ ಬಂದ್. ದೀಪಾವಳಿಯ ಹೊತ್ತಿಗೆ ಮತ್ತೆ ಶುರು. ನಮ್ಮ ಮಾವ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಹೋದವನು, ಆಗಬೋಟಿಯ ಮುಖ ಕಂಡವನಲ್ಲ. ಆದರೂ ‘ದೀಪಾವಳಿ ಕಳೆಯಲಿ’ ಎಂಬ ಮಾತು ಅವನ ಬಾಯಿಗೆ ಹಾಗೇ ಬಂದಿತ್ತು.

ಜಿಲ್ಲೆಗೆ ಕಾಲೇಜು ತಂದವರಲ್ಲಿಯೂ ಮುಂಬಯಿಯ ನಂಟಿದ್ದವರೇ ಮುಂದೆ. ಕುಮಟೆಯ ಕಾಲೇಜಿಗೆ ಇರುವುದು ಮುಂಬಯಿಯಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗರ ಹೆಸರು. ಅಂಕೋಲೆಯ ಕತೆ ಇನ್ನೂ ನೇರ. ದಿನಕರ ದೇಸಾಯಿಯವರು ನಮ್ಮ ತಾಲೂಕಿನ ಅಲಗೇರಿಯವರು, ಹುಟ್ಟಿದ್ದು 1909ರಲ್ಲಿ. ಹೊರಗಿನವರಿಗೆ ಅವರು ಚುಟುಕದ ಕವಿ, ನಮಗೆ ಶಾಲೆಯ ದೇಸಾಯರು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿದ್ದುಕೊಂಡು ಕಾರ್ಮಿಕರ ನಡುವೆ ಕೆಲಸ ಮಾಡಿದರು. ಇಲ್ಲಿಯ ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಹೊರಗಿಟ್ಟಿತು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು, ಊರೂರಿಗೆ ಹೈಸ್ಕೂಲು ಬಂದವು. 1966 ಗೋಖಲೆಯವರು ಹುಟ್ಟಿ ನೂರು ತುಂಬಿದ ವರ್ಷ. ಆ ವರ್ಷವೇ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು. ನಾನು ಓದಿದ್ದು ಅಲ್ಲೇ, ಅತ್ತೆಯ ಮನೆಯ ಮೆತ್ತಿನ ಮೇಲೆ ಉಳಿದುಕೊಂಡು. ಗೇಣಿ ಒಕ್ಕಲಿನ ಮಕ್ಕಳು, ಹಾಲಕ್ಕಿ ಗೌಡರ ಹುಡುಗರು ಒಬ್ಬಿಬ್ಬರು, ನಮ್ಮಂಥ ತುಂಡು ತೋಟದವರು, ಎಲ್ಲ ಒಂದೇ ಬೆಂಚಿನಲ್ಲಿ. ಮನೆಯ ಬಾಗಿಲಿಗೇ ಕಾಲೇಜು ಬಂತಲ್ಲ, ಹುಡುಗರು ಇನ್ನು ಊರು ಬಿಡುವುದಿಲ್ಲ ಎಂದು ಹಿರಿಯರು ನಂಬಿದ್ದರು. ನಮ್ಮ ತರಗತಿಯಲ್ಲಿ ಪಾಸಾದವರ ಪೈಕಿ ಊರಲ್ಲಿ ಉಳಿದವರನ್ನು ಎಣಿಸಲು ನನಗೆ ಒಂದು ಕೈಯ ಬೆರಳೇ ಹೆಚ್ಚು.

ಮಾವನ ಖೋಲಿಯನ್ನು ನಾನು ನೋಡಿದ್ದು 1979ರಲ್ಲಿ. ಅವನಿಗೆ ಕಾಮಣಿಯಾಗಿ ಹಾಸಿಗೆ ಹಿಡಿದಾಗ ಅಮ್ಮ ನನ್ನನ್ನು ಕಳಿಸಿದಳು. ಮೂರನೆಯ ಮಾಳಿಗೆ, ಉದ್ದನೆಯ ಗ್ಯಾಲರಿ, ಗ್ಯಾಲರಿಯ ತುದಿಗೆ ಎಲ್ಲರಿಗೂ ಸೇರಿದ ಪಾಯಖಾನೆ. ಕೋಣೆ ಹತ್ತು ಅಡಿಗೆ ಹನ್ನೆರಡು. ಗೋಡೆಯ ಉದ್ದಕ್ಕೂ ಒಂದೇ ಎತ್ತರದಲ್ಲಿ ಸಾಲು ಮೊಳೆ. ಒಂದು ಮೊಳೆ ಅಂದರೆ ಒಬ್ಬ ಮನುಷ್ಯ. ಅಂಗಿ, ಚೀಲ, ಟವೆಲ್ಲು ಎಲ್ಲ ಅದೊಂದಕ್ಕೇ. ಮೊಳೆಯ ಕೆಳಗೆ ಅವನ ಟ್ರಂಕು, ಟ್ರಂಕಿನ ಮೇಲೆ ಮಡಿಚಿಟ್ಟ ಹಾಸಿಗೆ. ರಾತ್ರಿ ಪಾಳಿಯವನು ಬೆಳಿಗ್ಗೆ ಬಂದು, ಹಗಲು ಪಾಳಿಯವನು ಎದ್ದು ಹೋದ ಜಾಗದಲ್ಲೇ ಮಲಗುತ್ತಿದ್ದ. ಮಾವ ಹಳದಿ ಕಣ್ಣು ಬಿಟ್ಟು ಬಾಗಿಲ ಮಗ್ಗುಲಿನ ಮೊಳೆ ತೋರಿಸಿ, “ತಮ್ಮಾ, ಅದು ನಿನ್ನದಾಗಬೇಕಿತ್ತು ನೋಡು” ಅಂದ. ಅದಕ್ಕೆ ಯಾರದೋ ಕೊಡೆ ತೂಗುತ್ತಿತ್ತು.

ಆ ಖೋಲಿ ಅಷ್ಟು ವರ್ಷ ನಮ್ಮ ಕಡೆಯವರ ಕೈಯಲ್ಲೇ ಹೇಗೆ ಉಳಿಯಿತು ಎಂಬುದಕ್ಕೆ ಕಾನೂನಿನ ಕಾರಣವಿದೆ. 1947ರ ಮುಂಬಯಿ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿತು. ಬಿಡಿಸುವುದು ಮಾಲೀಕನಿಗೆ ಕಷ್ಟ, ಏರಿಸುವುದು ಇನ್ನೂ ಕಷ್ಟ. ಹೀಗಾಗಿ ಒಮ್ಮೆ ಹಿಡಿದ ಖೋಲಿಯನ್ನು ಯಾರೂ ಬಿಡುತ್ತಿರಲಿಲ್ಲ. ಮಾವನಿಂದ ಅಳಿಯನಿಗೆ, ಅಣ್ಣನಿಂದ ತಮ್ಮನಿಗೆ ದಾಟುತ್ತಿತ್ತು, ಊರಿನ ಮೂಲಗೇಣಿಯ, ಅಂದರೆ ಕಾಯಂ ಗೇಣಿಯ ಹಾಗೆ. ಗೋವೆಯವರು ಇದನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿದ್ದರು. ಧೋಬಿತಲಾವಿನ ಸುತ್ತ ಹಳ್ಳಿಗೊಂದರಂತೆ ‘ಕೂಡ್’ ಎಂಬ ಬಿಡಾರ ಇಟ್ಟು, ಹಡಗಿನ ಕೆಲಸಕ್ಕೆ ಬಂದ ತಮ್ಮೂರಿನವರು ಅಲ್ಲಿ ಟ್ರಂಕು ಇಳಿಸುವಂತೆ ಮಾಡಿಕೊಂಡಿದ್ದರು. ನಮ್ಮಲ್ಲಿ ಸಂಘ, ನಿಯಮ ಏನೂ ಇರಲಿಲ್ಲ. ಮೊಳೆ ಇತ್ತು.

ಮೊಳೆ ಬೇಡದವರೂ ಹೋದರು. ಹನೇಹಳ್ಳಿಯ ಕತೆಗಾರ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಸಾಯನ ತಂತ್ರಜ್ಞಾನ ಓದಿ, ಪ್ಲಾಸ್ಟಿಕ್ಕಿನ ಉದ್ದಿಮೆಯಲ್ಲಿ ಮೇಲಕ್ಕೇರಿ, ಬಾಂದ್ರಾದ ಕಡಲ ದಂಡೆಯಲ್ಲಿ ನೆಲೆಸಿದರು, ಬರೆದದ್ದು ಮಾತ್ರ ಹನೇಹಳ್ಳಿಯನ್ನೇ ತಿರುತಿರುಗಿ. ಗೋಕರ್ಣದ ಕತೆಗಾರ ಜಯಂತ ಕಾಯ್ಕಿಣಿ ಚಿತ್ತಾಲರಿಗಿಂತ ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಚಿಕ್ಕವರು. ಧಾರವಾಡದಲ್ಲಿ ಜೀವರಸಾಯನದ ಎಂ.ಎಸ್ಸಿ. ಮಾಡಿ ಮುಂಬಯಿಗೇ ಹೋದರು, ಆದರೆ ಹೊಸ ಶತಮಾನದ ಹೊಸ್ತಿಲಲ್ಲಿ ಬೆಂಗಳೂರಿಗೆ ಬಂದುಬಿಟ್ಟರು. ಈ ಇಬ್ಬರ ವಿಳಾಸಗಳ ನಡುವೆ ನಮ್ಮ ಟಪಾಲಿನ ಚೀಲದ ಇಡೀ ಚರಿತ್ರೆ ಇದೆ.

1956ರ ನವೆಂಬರ್ ಒಂದಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ 1975ರಲ್ಲಿ ನಾನು ಮೊಹರು ಹಿಡಿಯುವಾಗಲೂ ಚೀಲ ತುಂಬ ಮುಂಬಯಿಯೇ. ರಾಜಧಾನಿ ಬದಲಾಗಿ ಇಪ್ಪತ್ತು ವರ್ಷವಾಗುತ್ತ ಬಂದರೂ ಬೆಂಗಳೂರಿನಲ್ಲಿ ನಮ್ಮವರು ಅಂತ ಯಾರಿದ್ದರು? ಮುಂಬಯಿಯಲ್ಲಿ ಕೊಂಕಣಿ ನಡೆಯುತ್ತಿತ್ತು, ಮರಾಠಿ ಕಿವಿಗೆ ಹೊಸದಲ್ಲ, ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಜನ ಇರುತ್ತಿದ್ದರು. ಬೆಂಗಳೂರು ಕನ್ನಡದ ಊರೇ ಆದರೂ ನಮ್ಮ ಹುಡುಗರಿಗೆ ಅದು ಪರದೇಶ. ಸಾಲದ್ದಕ್ಕೆ ಅಲ್ಲಿ ಮನೆ ಬೇಕೆಂದರೆ ಹತ್ತು ತಿಂಗಳ ಬಾಡಿಗೆ ಮುಂಗಡ ಎಣಿಸಬೇಕಿತ್ತು. ಮುಂಬಯಿಗೆ ಒಬ್ಬ ಮಾವ ಇದ್ದರೆ ಸಾಕಿತ್ತು, ಬೆಂಗಳೂರಿಗೆ ಗಂಟು ಬೇಕಿತ್ತು.

ನಡುವೆ ಬ್ಯಾಂಕಿನ ಕಾಲ ಒಂದು ಬಂತು. 1969ರ ಜುಲೈ 19ಕ್ಕೆ ಹದಿನಾಲ್ಕು ಬ್ಯಾಂಕು ರಾಷ್ಟ್ರೀಕರಣವಾದವು. ಕೆನರಾ, ಸಿಂಡಿಕೇಟು ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು, ದೇಶದ ತುಂಬ ಶಾಖೆ ತೆರೆದವು. ಬಿ.ಕಾಂ. ಹುಡುಗರಿಗೆ ರಿಜಿಸ್ಟರ್ಡ್ ಲಕೋಟೆ ಬರತೊಡಗಿದವು. ಸಹಿ ಮಾಡುವಾಗ ಅವರ ಕೈ ನಡುಗುವುದನ್ನು ನೋಡಿದ್ದೇನೆ. ಬ್ಯಾಂಕಿನವನು ಊರು ಆರಿಸುವುದಿಲ್ಲ, ಬ್ಯಾಂಕೇ ಅವನಿಗೆ ಊರು ಆರಿಸುತ್ತದೆ. ಜೊತೆಗೇ ಇನ್ನೊಂದು ಹೊಳೆ ಹರಿಯಿತು, ಶಾಲಾ ಮಾಸ್ತರರದು, ಅಕ್ಕೋರುಗಳದು. ಅದು ಶಹರಕ್ಕೆ ಹರಿಯಲಿಲ್ಲ. ಬಿಜಾಪುರ, ರಾಯಚೂರು, ಕಲಬುರ್ಗಿ ಕಡೆಯ ಹಳ್ಳಿಗಳಿಗೆ ಹೋಯಿತು. ಉತ್ತರ ಕನ್ನಡದ ಮಾಸ್ತರು ಇಲ್ಲದ ಊರೇ ಇಲ್ಲ ಎಂದು ಆ ಕಡೆಯವರು ಹೇಳುವುದುಂಟು. 2013ರಲ್ಲಿ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದು ರಾಯಚೂರು, ಕಲಬುರ್ಗಿ ಕಡೆಯ ಜಿಲ್ಲೆಗಳ ಹುದ್ದೆಯಲ್ಲಿ ಅಲ್ಲಿಯವರಿಗೇ ದೊಡ್ಡ ಪಾಲು ಮೀಸಲಾದ ಮೇಲೆ ಆ ಹೊಳೆ ಸಣ್ಣದಾಯಿತು. ಅದು ನ್ಯಾಯವೇ. ನಮ್ಮ ಬಿ.ಎಡ್. ಮಕ್ಕಳಿಗೆ ಮಾತ್ರ ಒಂದು ದಾರಿ ಕಡಿಮೆಯಾಯಿತು.

ಮುಂಬಯಿಯ ಮೊಹರು ಒಮ್ಮೆಲೇ ಮಾಯವಾಗಲಿಲ್ಲ, ಮೊದಲು ದೂರ ಸರಿಯಿತು. ದಾದರ್ ಹೋಗಿ ಠಾಣೆ ಬಂತು, ಆಮೇಲೆ ಡೊಂಬಿವಲಿ, ಕಲ್ಯಾಣ. ಹುಡುಗ ಹೆಂಡತಿಯನ್ನು ಕರೆಸಿಕೊಂಡ ಎಂದು ನನಗೆ ಅದರಿಂದಲೇ ತಿಳಿಯುತ್ತಿತ್ತು. ಖೋಲಿಯಲ್ಲಿ ಸಂಸಾರ ಹೂಡುವ ಹಾಗಿಲ್ಲ, ಲೋಕಲ್ ರೈಲಿನ ತುದಿಗೆ ಹೋಗಬೇಕು. 1982ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರ ಕರೆಗೆ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು, ಅನೇಕ ಗಿರಣಿ ಮತ್ತೆ ಏಳಲೇ ಇಲ್ಲ. ಗಿರಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಮಾವ ಎರಡು ವರ್ಷ ಕಾದು ಟ್ರಂಕಿನೊಂದಿಗೆ ಊರಿಗೆ ಬಂದ. ಅವನ ನಂತರ ನಮ್ಮ ಮನೆತನದಿಂದ ಆ ಖೋಲಿಗೆ ಯಾರೂ ಹೋಗಲಿಲ್ಲ.

ಬೆಂಗಳೂರಿನ ದಾರಿ ತೆರೆದದ್ದು ಕಾಲೇಜಿನಿಂದ. 1994ರಿಂದ ಸಿಇಟಿ ಬಂತು. ರ‍್ಯಾಂಕ್ ಇದ್ದರೆ ಹಳ್ಳಿಯ ಹುಡುಗನಿಗೂ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು. ನಾಲ್ಕು ವರ್ಷ ಅಲ್ಲಿಯ ಹಾಸ್ಟೆಲಿನಲ್ಲಿದ್ದವನು ಕೆಲಸ ಹುಡುಕುವುದು ಅಲ್ಲೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಆ ಊರಿಗೆ ಒಂದರ ಹಿಂದೊಂದು ಕಂಪನಿ ಇಳಿಯುತ್ತಿದ್ದವು. 2000ದ ಸುಮಾರಿಗೆ ಅಡಿಕೆಯ ದರ ಬಿದ್ದಿತು, ತೋಟ ನಂಬಿದವರು ಕಂಗಾಲಾದರು. “ಒಬ್ಬನಾದರೂ ಹೊರಗಿರಲಿ” ಎಂದು ಅಪ್ಪಂದಿರೇ ಮಕ್ಕಳನ್ನು ರಾತ್ರಿ ಬಸ್ಸಿಗೆ ಹತ್ತಿಸಿದರು. ಮೊದಲು ಹೋದವನು ಮನೆ ಹಿಡಿದ, ಮುಂಗಡ ಕಟ್ಟಿದ, ಅವನ ಹಾಲ್‌ನಲ್ಲಿ ಮುಂದಿನ ನಾಲ್ವರು ಮಲಗಿದರು. ಪರೇಲಿನ ಮೊಳೆ ಬೆಂಗಳೂರಿನ ವಿಜಯನಗರಕ್ಕೆ ಬಂದಿತ್ತು, ಅಷ್ಟೇ. 1998ರ ಜನವರಿ 26ಕ್ಕೆ ಕೊಂಕಣ ರೈಲು ಪೂರ್ತಿ ಓಡತೊಡಗಿ ಮುಂಬಯಿ ಅಂಕೋಲೆಗೆ ಹಿಂದೆಂದೂ ಇಲ್ಲದಷ್ಟು ಹತ್ತಿರವಾಯಿತು. ಆ ಹೊತ್ತಿಗೆ ಹೋಗುವ ಮನಸ್ಸೇ ಬೇರೆ ಕಡೆ ತಿರುಗಿತ್ತು.

ಹಾಗಾದರೆ ಹುಬ್ಬಳ್ಳಿ? ನಮಗೆ ನೂರು ಕಿಲೋಮೀಟರಿಗೆ ತುಸು ಹೆಚ್ಚು, ಘಟ್ಟ ಹತ್ತಿದರೆ ಸಿಕ್ಕಿತು. ತಮ್ಮನ ಮಗಳು ಧಾರವಾಡದಲ್ಲಿ ಭೂಗೋಳದ ಎಂ.ಎ. ಓದುವಾಗ ರೇವನ್‌ಸ್ಟೈನ್ ಎಂಬ ಪಂಡಿತನ ಮಾತು ಓದಿ ಹೇಳಿದಳು. 1885ರಲ್ಲಿ ಲಂಡನ್ನಿನಲ್ಲಿ ಕೂತು ಅವನು ಬರೆದದ್ದು: ಊರು ಬಿಡುವವರಲ್ಲಿ ಬಹುಪಾಲು ಜನ ದೂರ ಹೋಗುವುದಿಲ್ಲ, ದೂರ ಹೋಗುವವರು ವ್ಯಾಪಾರದ ದೊಡ್ಡ ಕೇಂದ್ರಕ್ಕೇ ಹೋಗುತ್ತಾರೆ. “ದೊಡ್ಡಪ್ಪಾ, ನಮ್ಮೂರಿಗೆ ಇದರ ಮೊದಲ ಅರ್ಧ ಹೊಂದೂದಿಲ್ಲ” ಅಂದಳು. ಹೌದು. ಹುಬ್ಬಳ್ಳಿಗೆ ನಾವು ಆಸ್ಪತ್ರೆಗೆ ಹೋಗುತ್ತೇವೆ, ಮದುವೆ ಜವಳಿಗೆ ಹೋಗುತ್ತೇವೆ, ಪಂಪ್‌ಸೆಟ್ ತರಲು ಹೋಗುತ್ತೇವೆ. ಡಿಗ್ರಿ ಹಿಡಿದು ಹೋದವರು ಕಡಿಮೆ. ಅಲ್ಲಿಯ ವಖಾರಿ, ಅಂಗಡಿಗಳು ಮನೆತನದವು, ಗಲ್ಲೆಯ ಮೇಲೆ ಮಗ ಕೂರುತ್ತಾನೆ, ಲೆಕ್ಕಕ್ಕೆ ಅಳಿಯ. ಹುಬ್ಬಳ್ಳಿ–ಅಂಕೋಲಾ ರೈಲು ಬಂದಿದ್ದರೆ ಬೇರೆ ಕತೆಯಾಗುತ್ತಿತ್ತೇನೋ. ಕಳೆದ ಶತಮಾನದ ಕೊನೆಯಿಂದ ಆ ಹಳಿ ಕಾಡು, ಕೋರ್ಟು, ಕಡತ ಎಂದು ಅಲೆಯುತ್ತಲೇ ಇದೆ. ಕಾಡು ಕಡಿಯಬೇಕಲ್ಲ ಎಂದು ಒಂದು ಮನಸ್ಸು ಅಳುಕುತ್ತದೆ, ಮಕ್ಕಳು ಶನಿವಾರ ಸಂಜೆ ಮನೆಗೆ ಬರಬಹುದಿತ್ತಲ್ಲ ಎಂದು ಇನ್ನೊಂದು ಅನ್ನುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಓದು ಬಲ್ಲವರು ನೂರಕ್ಕೆ 84. ಓದಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಹುಡುಗ ಎಲ್ಲಿ ಹೋದರೂ ನಡೆಯಿತು, ಹುಡುಗಿಗೆ ಮಾತ್ರ ‘ಅಲ್ಲಿ ಅಕ್ಕನ ಮನೆ ಇದೆಯೋ’ ಎಂಬುದು ಮೊದಲ ಪ್ರಶ್ನೆ. ಹೆಚ್ಚು ಸಂಬಳದ ಪುಣೆಯನ್ನು ಬಿಟ್ಟು ಅಕ್ಕ ಇರುವ ಬೆಂಗಳೂರಿಗೆ ಹೋದವರನ್ನು ಬಲ್ಲೆ. ಈ ಕಟ್ಟನ್ನು ಸಡಿಲ ಮಾಡಿದ್ದು ಪಿಜಿ. ಮಂಚ, ಊಟ, ಬಾಗಿಲಿಗೆ ಕಾವಲು, ತಿಂಗಳಿಗೆ ಇಷ್ಟು ಅಂತ ಕೊಟ್ಟರಾಯಿತು. ಮಾವ ಬೇಡ, ಮುಂಗಡದ ಗಂಟು ಬೇಡ. ಪಿಜಿ ಬಂದ ಮೇಲೆಯೇ ನಮ್ಮ ಮಕ್ಕಳ ಬಾಯಲ್ಲಿ ಹೈದರಾಬಾದು, ಚೆನ್ನೈ, ಗುರುಗ್ರಾಮ ಬಂದದ್ದು. ನನ್ನ ಮಾವನ ಪತ್ರದ ನಾಲ್ಕು ಸಾಲು ಅಲ್ಲಿಗೆ ಅರ್ಥ ಕಳೆದುಕೊಂಡವು.

2020ರ ಲಾಕ್‌ಡೌನಿನಲ್ಲಿ ಎಲ್ಲ ವಾಪಸು ಬಂದರು. ಊರಲ್ಲಿ ಸಿಗ್ನಲ್ ಇಲ್ಲ. ಗುಡ್ಡದ ನೆತ್ತಿಯ ಮೇಲೆ ತಾಡಪತ್ರಿ ಕಟ್ಟಿ, ಅದರಡಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನಾಲ್ಕು ಲ್ಯಾಪ್‌ಟಾಪು. ಮಳೆ ಬಂದರೆ ಅಮೆರಿಕದ ಮೀಟಿಂಗು ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನು ಹಳ್ಳಿಗಳು ತುಂಬುತ್ತವೆ ಎಂದು ಪೇಪರಿನವರು ಬರೆದರು, ನಾನು ನಂಬಲಿಲ್ಲ. ತೋಟ ನೋಡಿಕೊಂಡಿರುವ ಹುಡುಗನಿಗೆ ಇಲ್ಲಿ ಹೆಣ್ಣು ಕೊಡುವವರಿಲ್ಲ. ಎರಡು ಎಕರೆ ಅಡಿಕೆ ಇದ್ದರೂ ಜಾತಕದ ಜೊತೆ ಕಂಪನಿಯ ಹೆಸರು ಬೇಕು. ಎರಡೇ ವರ್ಷದಲ್ಲಿ ಗುಡ್ಡದ ಮೇಲಿನ ಕುರ್ಚಿಗಳು ಕೆಳಗಿಳಿದು ನಮ್ಮ ಜಗಲಿ ಸೇರಿದವು. ಒಂದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಮನಿಯಾರ್ಡರಿನ ಹಳೆಯ ಫಾರಮ್ಮು 2015ಕ್ಕೇ ನಿಂತಿತು. ಈಗಿನ ಮಾಸ್ತರನ ಚೀಲದಲ್ಲಿ ಬರುವುದು ಎಟಿಎಂ ಕಾರ್ಡು, ಆಧಾರು, ಪಾಸ್‌ಪೋರ್ಟು. ಮಗ ಎಲ್ಲಿದ್ದಾನೆ ಎಂದು ಅದರ ಮೊಹರು ಹೇಳುವುದಿಲ್ಲ. ಅದಕ್ಕೇ ಚೌತಿ ಹಬ್ಬ ಮುಗಿದ ಸಂಜೆ ನಾನು ಹೆದ್ದಾರಿಯ ಬಸ್‌ಸ್ಟಾಪಿಗೆ ಹೋಗಿ ಕೂರುತ್ತೇನೆ. ಬೆನ್ನಿಗೆ ಚೀಲ, ಕೈಯಲ್ಲಿ ಕುಚ್ಚಲಕ್ಕಿಯ ಗಂಟು, ಮಿಡಿ ಉಪ್ಪಿನಕಾಯಿಯ ಡಬ್ಬಿ. ಹುಬ್ಬಳ್ಳಿ ಬಸ್ಸು ನಿಲ್ಲುತ್ತದೆ. ಕಂಡಕ್ಟರ್ “ಎಲ್ಲಿಗ್ರೀ?” ಅನ್ನುತ್ತಾನೆ. ಬೆಂಗಳೂರಿನವನೂ, ಪುಣೆಯವನೂ, ಹೈದರಾಬಾದಿನವಳೂ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತ “ಹುಬ್ಬಳ್ಳಿ” ಅನ್ನುತ್ತಾರೆ.